ಸೂಜಿಯಕ್ಕನ ಕುರುಡೆಣಿಕೆ

ಓಯ್! ಓ ಆ ಕಡೆಯವರೇ! ಯಾರ್ಯಾರಿದ್ದೀರ್ರೋ ಅಲ್ಲಿ? ಪಾತ್ರೆ ತಿಕ್ಕೋರು ನಲ್ಲಿ ನಿಲ್ಸಿ, ಬಸ್ಸಲ್ಲಿರೋರು ಇಯರ್‌ಫೋನ್ ಹಾಕ್ಕೊಳ್ಳಿ, ನಿದ್ದೆ ಹೊಡೀತಿರೋರನ್ನ ಪಕ್ಕದೋರು ತಿವೀರಿ! ಉದ್ದ ಇದೆ ಈ ವಾಯ್ಸ್ ಮೆಸೇಜು, ಅರ್ಧಕ್ಕೇ ಬಿಟ್ಟು ಓಡೋರು ಈಗ್ಲೇ ಓಡಿ!

ಹ್ಞಾಂ. ಉಳಿದವರು ಕೇಳಿ. ನಮ್ಮ ಚಿಕ್ಕಮ್ಮನ ಸುದ್ದಿ. ಚಿಪ್ಪಿಗೆ ಇಂಜೆಕ್ಷನ್ ಚುಚ್ಚುವವಳು ಎಂದು ನೀವೆಲ್ಲ ಆಡಿಕೊಂಡು ನಗುತ್ತೀರಲ್ಲ, ಅವಳದೇ. ಇಷ್ಟು ದಿನ ಇದನ್ನು ಬಾಯಿ ಬಿಡುವ ಹಾಗಿರಲಿಲ್ಲ. ನಿನ್ನೆ ಎಣಿಕೆ ಮುಗಿಯಿತು, ಲಕೋಟೆ ಒಡೆದಾಯಿತು, ಇನ್ನು ಊರಿಗೆಲ್ಲ ಡಂಗುರ ಸಾರಬಹುದು. ಅರ್ಧ ನಾನೇ ಕಂಡದ್ದು. ಇನ್ನರ್ಧವನ್ನು ಚಿಕ್ಕಮ್ಮ ಮನೆ ತುಂಬ ಓಡಾಡುತ್ತ ಹೇಳಿದ್ದಾಳೆ, ನಾನು ಅವಳ ಹಿಂದೆ ಹಿಂದೆ ಓಡಾಡುತ್ತ ಕೇಳಿದ್ದೇನೆ.

ಅವಳು ಅಮ್ಮನ ತಂಗಿ. ನಲವತ್ತಾರು ವರ್ಷ. ಕೂತಲ್ಲಿ ಕೂರುವ ಆಸಾಮಿಯೇ ಅಲ್ಲ. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗೇ ತಿರುಗಿರುತ್ತದೆ. ಟೀ ಕುಡಿಯುವುದು ಕಿಟಕಿಯ ಹತ್ತಿರ, ಅದೂ ನಿಂತುಕೊಂಡು. ಫೋನಿನಲ್ಲಿ ಮಾತಾಡುವಾಗ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಬಾಲ್ಕನಿಗೆ, ಮತ್ತೆ ಅಡುಗೆಮನೆಗೆ. "ನೀನು ಹುಟ್ಟಿದಾಗ ಸೂಲಗಿತ್ತಿ ಹಿಡ್ಕೊಳ್ಳೋಕೆ ಓಡಬೇಕಾಯ್ತು," ಎಂದು ಅಜ್ಜಿ ರೇಗಿಸುತ್ತಾಳೆ. ಇಂಥವಳು ಲೋಕದಲ್ಲಿ ಕದಲದೆ ಕೂರುವ ಜಾಗ ಒಂದೇ ಒಂದು. ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದಿರುವ ಮೂರು ಕಾಲಿನ ಸ್ಟೂಲು. ಅಲ್ಲಿ ಕೂತರೆ ಎರಡು ಗಂಟೆ ಕಲ್ಲು.

ಮೊದಲು ಅವಳು ಆಸ್ಪತ್ರೆಯೊಂದರಲ್ಲಿ ರಕ್ತ ತೆಗೆಯುವ, ಅದರ ಕಣ ಎಣಿಸುವ ಕೆಲಸದಲ್ಲಿದ್ದಳು. ಹನ್ನೊಂದು ವರ್ಷ. ಮಕ್ಕಳು ಅಳಲು ಬಾಯಿ ತೆರೆಯುವಷ್ಟರಲ್ಲಿ ಇವಳು ಹತ್ತಿ ಒತ್ತಿ ಆಗಿರುತ್ತಿತ್ತು. ಸೂಜಿಯಕ್ಕ ಎಂಬ ಹೆಸರು ಬಿದ್ದದ್ದು ಅಲ್ಲಿ. ಆಮೇಲೆ ಅಲ್ಲಿಗೆ ರಕ್ತಕಣ ಎಣಿಸುವ ಮೆಷಿನ್ ಬಂತು, ಇವಳು ಹೊರಗೆ ಬಂದಳು. ಹೊರಗೆ ಬಂದವಳನ್ನು ಕರೆದುಕೊಂಡದ್ದು ಸಮುದ್ರದ ದಂಡೆಯ ಸಂಶೋಧನಾ ಕೇಂದ್ರ. ಮೂರು ಮಹಡಿಯ ಕಟ್ಟಡ. ಉಪ್ಪುಗಾಳಿಗೆ ಮೆಟ್ಟಿಲಿನ ಕಂಬಿ ತುಕ್ಕು ಹಿಡಿದು ಮುಟ್ಟಿದರೆ ಅಂಗೈ ಕೆಂಪಾಗುತ್ತದೆ. ನೆಲಮಹಡಿಯಲ್ಲಿ ತೊಟ್ಟಿಗಳು, ಹಗಲೂ ರಾತ್ರಿ ಗೊರ್ ಎನ್ನುವ ಪಂಪು. ಅದರ ನೇರ ಮೇಲೆ, ಎರಡನೇ ಮಹಡಿಯಲ್ಲಿ ಎಣಿಕೆಯ ಕೋಣೆ. ಸೂಜಿ ಹಿಡಿದು ಅಲ್ಲಿಗೆ ಹೋದವಳಿಗೆ ಕೊಟ್ಟ ಹೊಸ ಪೇಷಂಟುಗಳು ಕರಿಚಿಪ್ಪುಗಳು. ಅದೇ, ಕಡಲ ಬಂಡೆಗೆ ಗೊಂಚಲು ಗೊಂಚಲಾಗಿ ಅಂಟಿಕೊಂಡಿರುತ್ತವಲ್ಲ, ಹೆಬ್ಬೆರಳುದ್ದದವು, ಅವು.

ಚಿಪ್ಪಿಗೆ ರಕ್ತ ಎಲ್ಲಿಂದ ಬಂತು ಎಂದು ನಗಬೇಡಿ, ನಾನೂ ನಕ್ಕು ಬೈಸಿಕೊಂಡಿದ್ದೇನೆ. ಇದೆ. ಕೆಂಪಲ್ಲ, ನೀರಿನ ಹಾಗಿದೆ. ಎರಡು ಚಿಪ್ಪನ್ನು ಗಟ್ಟಿಯಾಗಿ ಮುಚ್ಚಿ ಹಿಡಿಯುವ ಒಂದು ಸ್ನಾಯು ಇರುತ್ತದೆ, ಅದಕ್ಕೆ ಸೂಜಿ ಹಾಕಿದರೆ ಅರ್ಧ ಸಿರಿಂಜ್ ಬರುತ್ತದೆ. ಅದರೊಳಗೆ ಕಾವಲು ಕಣಗಳು ಈಜುತ್ತಿರುತ್ತವೆ. ಹೊರಗಿನದ್ದು ಏನೇ ಒಳಗೆ ನುಗ್ಗಲಿ, ಇವು ಮೈ ಚಾಚಿ ಅದನ್ನು ತಬ್ಬಿ ನುಂಗಿಬಿಡುತ್ತವೆ. ಆ ಜೀವಕ್ಕಿರುವ ವೈದ್ಯ, ಪೊಲೀಸು, ಕಸ ಗುಡಿಸುವವ ಎಲ್ಲಾ ಅವೇ.

ಈಗ ತೊಂದರೆ ಏನಪ್ಪಾ ಅಂದರೆ, ಸಮುದ್ರಕ್ಕೆ ಹೋದ ಪ್ಲಾಸ್ಟಿಕ್ ಅಲ್ಲೇ ಸುಮ್ಮನೆ ತೇಲುತ್ತ ಕೂರುವುದಿಲ್ಲ. ಬಿಸಿಲಿಗೆ ಒಣಗಿ, ಅಲೆಗೆ ಬಡಿದು, ಮರಳಿಗೆ ಉಜ್ಜಿ ಸವೆಯುತ್ತದೆ. ಸವೆದು ಸವೆದು, ಒಂದು ಕೂದಲಿನ ದಪ್ಪದೊಳಗೆ ಸಾವಿರ ಚೂರು ಸಾಲಾಗಿ ನಿಲ್ಲಬಹುದು, ಅಷ್ಟು ಸಣ್ಣಗಾಗುತ್ತದೆ. ಅದಕ್ಕೆ ನ್ಯಾನೊಪ್ಲಾಸ್ಟಿಕ್ ಎನ್ನುತ್ತಾರೆ. ಚಿಪ್ಪು ಬದುಕುವುದೇ ದಿನವಿಡೀ ನೀರು ಸೋಸಿಕೊಂಡು, ಹಾಗಾಗಿ ಇದೂ ಒಳಗೆ ಹೋಗುತ್ತದೆ. ಕಾವಲು ಕಣ ಪಾಪ ಅದನ್ನೂ ನುಂಗುತ್ತದೆ. ನುಂಗಿದ್ದನ್ನು ಅರಗಿಸಲಾಗುವುದಿಲ್ಲ, ಉಗುಳಲೂ ಆಗುವುದಿಲ್ಲ. ಆಮೇಲೆ ನಿಜವಾದ ರೋಗಾಣು ಬಂದರೆ ಏಳುವುದಕ್ಕೇ ಸೋಮಾರಿತನ. ಹೊಟ್ಟೆಗೆ ಚೆಂಡು ಹೋದ ನಾಯಿ ಗೇಟಿನ ಹತ್ತಿರ ಮಲಗಿ ಕಳ್ಳನನ್ನು ಸುಮ್ಮನೆ ನೋಡುತ್ತಿರುತ್ತದಲ್ಲ, ಹಾಗೆ. ಇದು ಎಷ್ಟು ಪ್ಲಾಸ್ಟಿಕ್ಕಿಗೆ ಎಷ್ಟರ ಮಟ್ಟಿಗೆ ಆಗುತ್ತದೆ ಎನ್ನುವುದನ್ನು ಅಳೆಯುವುದೇ ಅವರ ಕೆಲಸ.

ಅಳೆಯುವುದು ಹೀಗೆ. ನಾಲ್ಕು ತೊಟ್ಟಿ. ಒಂದನೆಯದರಲ್ಲಿ ಶುದ್ಧ ನೀರು. ಎರಡು, ಮೂರು, ನಾಲ್ಕರಲ್ಲಿ ಸ್ವಲ್ಪ, ಮಧ್ಯಮ, ಜಾಸ್ತಿ ನ್ಯಾನೊಪ್ಲಾಸ್ಟಿಕ್. ಪ್ರತಿ ತೊಟ್ಟಿಯ ಚಿಪ್ಪುಗಳಿಂದ ರಕ್ತ ತೆಗೆದು ಗಾಜಿನ ಸ್ಲೈಡಿನ ಮೇಲೆ ಹನಿ ಬಿಡುತ್ತಾರೆ. ಕೆಂಪು ಬಣ್ಣ ಹಾಕಿದ ಯೀಸ್ಟ್ ಕಣಗಳನ್ನು ಆ ಹನಿಗೆ ತಿನ್ನಿಸಿ, ಒಂದಿಷ್ಟು ಹೊತ್ತು ಬಿಟ್ಟು, ಒಣಗಿಸಿ ಇಡುತ್ತಾರೆ. ಆಮೇಲೆ ಇನ್ನೂರು ಕಾವಲು ಕಣದಲ್ಲಿ ಎಷ್ಟು ಕೆಂಪನ್ನು ನುಂಗಿವೆ, ಎಷ್ಟು ಸುಮ್ಮನಿವೆ ಎಂದು ಎಣಿಸುವುದು. ತೆಗೆಯುವವಳೂ ಚಿಕ್ಕಮ್ಮನೇ, ಎಣಿಸುವವಳೂ ಅವಳೇ, ಏಕೆಂದರೆ ಜನ ಇಲ್ಲ. ಆದರೆ ಎಣಿಸುವಾಗ ಇದು ಯಾವ ತೊಟ್ಟಿಯ ಸ್ಲೈಡ್ ಎಂದು ಅವಳಿಗೆ ಗೊತ್ತಿರಬಾರದು. ಗೊತ್ತಿದ್ದರೆ ಮನಸ್ಸು ವಾಲುತ್ತದೆ. ಅದಕ್ಕೇ ಹನಿ ಒಣಗಿದ ಕೂಡಲೇ ಸ್ಟೋರಿನವರು ಬಂದು ಸ್ಲೈಡುಗಳನ್ನು ಕಲಸಿ, ತೋಚಿದ ನಂಬರಿನ ಸ್ಟಿಕ್ಕರ್ ಅಂಟಿಸಿ, ಯಾವ ನಂಬರು ಯಾವ ತೊಟ್ಟಿಯದು ಎಂಬ ಪಟ್ಟಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಾರೆ. ಅವರನ್ನು ಎಲ್ಲರೂ ಬೀಗಣ್ಣ ಅನ್ನುತ್ತಾರೆ. ಊಟದ ಡಬ್ಬಿಗೂ ಬೀಗ ಹಾಕುವ ಮನುಷ್ಯ. ಹೀಗೆ ಗೊತ್ತಿಲ್ಲದೆ ಎಣಿಸುವುದಕ್ಕೆ ಚಿಕ್ಕಮ್ಮ ಕುರುಡೆಣಿಕೆ ಎನ್ನುತ್ತಾಳೆ.

ಈ ಪ್ರಯೋಗ ಯಾರದು ಅಂದರೆ ಪಿಎಚ್‌ಡಿ ಮಾಡುವ ಒಬ್ಬ ಹುಡುಗಿಯದು. ಎದುರು ಸಿಕ್ಕವರಿಗೆಲ್ಲ "ಗಡುವಿಗೆ ಇನ್ನು ಇಷ್ಟೇ ದಿನ" ಎನ್ನುತ್ತಾಳೆಂದು ಚಿಕ್ಕಮ್ಮ ಅವಳಿಗೆ ಗಡುವಮ್ಮ ಎಂದು ಹೆಸರಿಟ್ಟಿದ್ದಾಳೆ. ಒಬ್ಬರಿಗೊಬ್ಬರು ಬಹಳ ಅಚ್ಚುಮೆಚ್ಚು. ಅವಳಿಗೆ ಜ್ವರ ಬಂದಾಗ ಚಿಕ್ಕಮ್ಮ ಎರಡು ದಿನ ಹಾಸ್ಟೆಲಿಗೆ ಊಟ ಹೊತ್ತಿದ್ದಳು.

ಆ ಗುರುವಾರದ ಹೊತ್ತಿಗೆ ಗಡುವಿಗೆ ಹನ್ನೆರಡು ದಿನ ಇತ್ತು. ತೊಂಬತ್ತಾರು ಸ್ಲೈಡುಗಳಲ್ಲಿ ಎಂಬತ್ತನ್ನು ಚಿಕ್ಕಮ್ಮ ಎಣಿಸಿ ಮುಗಿಸಿದ್ದಳು. ಬೆಳಗ್ಗೆ ಒಂಬತ್ತೂವರೆಗೆ ಎಂಬತ್ತೊಂದನೆಯದನ್ನು ಪೆಟ್ಟಿಗೆಯಿಂದ ತೆಗೆದಳು. ಲೆನ್ಸಿನಡಿ ಇಡುವ ಮೊದಲು ಅಭ್ಯಾಸಬಲದಿಂದ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು, ಗಾಜಿಗೆ ಕೂದಲು ಗೀದಲು ಅಂಟಿದೆಯೋ ನೋಡಲು. ಹನಿಯ ಅಂಚಿನಲ್ಲಿ ಸಣ್ಣಗೆ ಮಿಣಮಿಣ ಅಂತು. ಮನಸ್ಸು ಹೇಳಿತು, ಒಂದನೇ ತೊಟ್ಟಿ.

ಅಷ್ಟೇ. ಕೈ ಗಾಳಿಯಲ್ಲೇ ನಿಂತುಹೋಯಿತು.

ಏಕೆ ಗೊತ್ತಾಯಿತು ಎಂದು ಅವಳಿಗೆ ಅಲ್ಲೇ ಹೊಳೆದದ್ದು. ಶುದ್ಧ ನೀರಿನ ಚಿಪ್ಪು ಚುರುಕಾಗಿರುತ್ತದೆ. ಮುಟ್ಟಿದ ಕೂಡಲೇ ಟಪ್ಪೆಂದು ಮುಚ್ಚಿಕೊಳ್ಳುತ್ತದೆ. ಸೂಜಿ ಹೋಗಲು ಜಾಗವೇ ಇರುವುದಿಲ್ಲ. ಆಗ ಸಣ್ಣ ಅರದಿಂದ ಚಿಪ್ಪಿನ ಅಂಚನ್ನು ಉಜ್ಜಿ ಒಂದು ಕಚ್ಚು ಮಾಡಬೇಕು. ಉಜ್ಜಿದಾಗ ಪುಡಿ ಏಳುತ್ತದೆ, ಚಿಪ್ಪಿನ ಒಳಮೈಯ ಹೊಳೆಯುವ ಪುಡಿ, ಅದರಲ್ಲಿ ಒಂದೆರಡು ಕಣ ಹನಿಯ ಜೊತೆ ಸ್ಲೈಡಿಗೆ ಬಂದುಬಿಡುತ್ತದೆ. ಜಾಸ್ತಿ ಪ್ಲಾಸ್ಟಿಕ್ ಇರುವ ತೊಟ್ಟಿಯ ಚಿಪ್ಪುಗಳು ಪಾಪ ಬಾಯಿ ಬಿಟ್ಟುಕೊಂಡೇ ಇರುತ್ತವೆ. ಅವಕ್ಕೆ ಅರ ಯಾಕೆ ಎಂದು ಚಿಕ್ಕಮ್ಮ ನೇರವಾಗಿ ಸೂಜಿ ಹಾಕುತ್ತಿದ್ದಳು. ಸಂಕಟದಲ್ಲಿರುವುದಕ್ಕೆ ಇನ್ನಷ್ಟು ಸಂಕಟ ಬೇಡ ಎಂಬ ಆಸ್ಪತ್ರೆಯ ಬುದ್ಧಿ. ಗಡುವಮ್ಮ ಬರೆದುಕೊಟ್ಟ ಕ್ರಮದಲ್ಲೂ ಹಾಗೇ ಇತ್ತು, "ಬೇಕಾದಲ್ಲಿ ಅರ ಹಾಕುವುದು". ಹೀಗಾಗಿ ಪುಡಿ ಜಾಸ್ತಿ ಇದ್ದರೆ ಒಂದನೇ ತೊಟ್ಟಿ, ಪುಡಿಯೇ ಇಲ್ಲದಿದ್ದರೆ ನಾಲ್ಕನೆಯದು. ಬೀಗಣ್ಣ ಎಷ್ಟು ಸ್ಟಿಕ್ಕರ್ ಅಂಟಿಸಿ ಏನು ಬಂತು?

ಅದಾದರೂ ಪರವಾಗಿಲ್ಲ ಎಂದುಕೊಂಡು ಅವಳು ಸ್ಲೈಡನ್ನು ಲೆನ್ಸಿನಡಿ ಇಟ್ಟಳು. ಅಲ್ಲಿ ಇನ್ನೊಂದು ಕಾದಿತ್ತು. ನುಂಗಿದ ಕಣ ನುಂಗಿದ ಹಾಗೆ, ಸುಮ್ಮನಿದ್ದದ್ದು ಸುಮ್ಮನಿದ್ದ ಹಾಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ನಡುವೆ ಕೆಲವು ಇರುತ್ತವೆ, ಕೆಂಪು ಚುಕ್ಕೆ ಒಳಗಿದೆಯೋ, ಬರೀ ಕೆನ್ನೆಗೆ ಅಂಟಿಕೊಂಡಿದೆಯೋ ಹೇಳಲಾಗದಂಥವು. ಇನ್ನೂರರಲ್ಲಿ ಇಪ್ಪತ್ತು ಮೂವತ್ತು. ಅವನ್ನು ಕಣ್ಣಂದಾಜಿನಲ್ಲಿ ಆ ಕಡೆಗೋ ಈ ಕಡೆಗೋ ಹಾಕಬೇಕು. ಅಂಥದ್ದೊಂದು ಕಂಡಿತು, ಬೆರಳು ತಾನೇ ತಾನಾಗಿ ಪಕ್ಕದ ಕೌಂಟರಿನ "ನುಂಗಿದೆ" ಎಂಬ ಗುಂಡಿಯ ಮೇಲೆ ಹೋಯಿತು. ಚಿಕ್ಕಮ್ಮ ಬೆರಳನ್ನೇ ನೋಡಿದಳಂತೆ. ಆರೋಗ್ಯವಂತ ಚಿಪ್ಪು, ನುಂಗದೆ ಏನು ಮಾಡುತ್ತದೆ ಎಂದು ಆ ಬೆರಳು ಆಗಲೇ ತೀರ್ಮಾನಿಸಿಬಿಟ್ಟಿತ್ತು. ಹಾಗಿದ್ದರೆ ಹಿಂದಿನ ಎಂಬತ್ತು ಸ್ಲೈಡುಗಳಲ್ಲಿ?

(ಈಗ ಗೊತ್ತಾಗಿದೆ, ಹೇಳಿಬಿಡುತ್ತೇನೆ. ಜಾಸ್ತಿ ಪ್ಲಾಸ್ಟಿಕ್ಕಿನ ತೊಟ್ಟಿಯ ವ್ಯತ್ಯಾಸ ಅಲ್ಲಾಡದೆ ನಿಂತಿದೆ. ಸ್ವಲ್ಪ ಪ್ಲಾಸ್ಟಿಕ್ಕಿನ ತೊಟ್ಟಿಯಲ್ಲಿ ಕಂಡಿದ್ದ ವ್ಯತ್ಯಾಸ ಅರ್ಧಕ್ಕರ್ಧ ಚಿಕ್ಕಮ್ಮನ ಬೆರಳು ಮಾಡಿದ್ದೇ ಆಗಿತ್ತು. ಆದರೆ ಆ ಗುರುವಾರ ಇದು ಯಾರಿಗೂ ಗೊತ್ತಿರಲಿಲ್ಲ.)

ಇಪ್ಪತ್ತೆಂಟು ವರ್ಷದಿಂದ ಕಣ್ಣು ಮತ್ತು ಬೆರಳನ್ನೇ ನಂಬಿ ಬದುಕಿದವಳು. ಅನುಮಾನವೋ ನಿಜವೋ ತಿಳಿಯದೆ ಹೇಗೆ ಕೂರುತ್ತಾಳೆ? ಬಾಗಿಲು ಹಾಕಿಕೊಂಡಳು. ಎಣಿಸಿ ಮುಗಿದ ಪೆಟ್ಟಿಗೆಯಿಂದ ಇಪ್ಪತ್ತು ಸ್ಲೈಡ್ ತೆಗೆದು, ಮೈಕ್ರೋಸ್ಕೋಪ್ ಮುಟ್ಟದೆ, ಬರಿಗಣ್ಣಿಗೆ ಕಾಣುವ ಪುಡಿಯೊಂದನ್ನೇ ನೋಡಿ ಯಾವ ತೊಟ್ಟಿಯದು ಎಂದು ಚೀಟಿಯಲ್ಲಿ ಬರೆದಳು. ಚೀಟಿ ಹಿಡಿದು ಎರಡೆರಡು ಮೆಟ್ಟಿಲು ಹಾರಿ ಸ್ಟೋರಿಗೆ ಇಳಿದಳು.

"ಬೀಗಣ್ಣ, ಇದನ್ನ ನಿಮ್ಮ ಪಟ್ಟಿ ಜೊತೆ ಹೋಲಿಸಿ. ಎಷ್ಟು ಸರಿ ಇದೆ ಅಂತ ಮಾತ್ರ ಹೇಳಿ. ಯಾವ್ದು ಸರಿ, ಯಾವ್ದು ತಪ್ಪು ಅಂತ ಹೇಳ್ಬೇಡಿ."

"ಏನಿದು, ಲಾಟರಿನಾ?"

"ನೋಡಿ ಅಂದ್ನಲ್ಲ."

ಬೀಗಣ್ಣ ಅವಳನ್ನು ಹೊರಗೆ ನಿಲ್ಲಿಸಿ, ಬಾಗಿಲು ಹಾಕಿ, ಬೀಗ ತೆಗೆದು, ಸಾವಕಾಶವಾಗಿ ನೋಡಿ, ಮತ್ತೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ ಹೊರಗೆ ಬಂದರು. ಕಣ್ಣು ಮುಚ್ಚಿ ಸುಮ್ಮನೆ ಅಂದಾಜು ಹೊಡೆದರೆ ನಾಲ್ಕಕ್ಕೆ ಒಂದು ಸರಿಯಾಗಬೇಕು. ಇಪ್ಪತ್ತಕ್ಕೆ ಐದು.

"ಹದಿನೇಳು," ಎಂದರು ಬೀಗಣ್ಣ. ಮುಖದಲ್ಲಿ ನಗು ಇರಲಿಲ್ಲ. "ಸೂಜಿಯಕ್ಕ, ನನ್ನ ಬೀಗ ಮುಟ್ಟಿದ್ರಾ?"

"ಅಯ್ಯೋ, ನಾನ್ಯಾಕೆ ಮುಟ್ಲಿ!"

"ಮತ್ತೆ ಹದಿನೇಳು ಹೆಂಗೆ ಬಂತು? ಕಣಿ ಗಿಣಿ ಕಲ್ತಿದ್ದೀರಾ?"

ಚಿಕ್ಕಮ್ಮ ಅವರ ಕೈಯಿಂದ ಚೀಟಿ ತೆಗೆದುಕೊಂಡಳು. ತಿರುಗಿ ಮೆಟ್ಟಿಲು ಹತ್ತದೆ ಸೀದಾ ಗೇಟಿನಿಂದ ಹೊರಗೆ ನಡೆದುಬಿಟ್ಟಳು.

ಹನ್ನೆರಡು ಗಂಟೆಗೆ ಮನೆಯ ಬೆಲ್ಲು. ಅವಳು ಮಧ್ಯಾಹ್ನ ಮನೆಗೆ ಬಂದದ್ದನ್ನು ನಾನು ಹಿಂದೆಂದೂ ಕಂಡದ್ದಿಲ್ಲ. ಚಪ್ಪಲಿಯನ್ನೂ ಬಿಚ್ಚಲಿಲ್ಲ. ಅಜ್ಜಿ ಸೋಫಾದಲ್ಲಿ ಕೂತು ಹಳೆಯ ಸ್ವೆಟರ್ ಬಿಚ್ಚಿ ಉಣ್ಣೆಯ ಉಂಡೆ ಸುತ್ತುತ್ತಿದ್ದಳು. ಚಿಕ್ಕಮ್ಮ ಒಂದು ಲೋಟ ನೀರು ಕುಡಿದಳು, ಲೋಟ ತೊಳೆದಳು. ಮತ್ತೆ ಅದೇ ಲೋಟ ತೊಳೆದಳು.

"ಅದರ ಹೂವಿನ ಚಿತ್ರ ಅಳಿಸಿ ಹೋಗುತ್ತೆ ಕಣೇ," ಎಂದಳು ಅಜ್ಜಿ. "ಏನಾಯ್ತು ಹೇಳು."

ಅಡುಗೆಮನೆಗೂ ಬಾಲ್ಕನಿಗೂ ಹತ್ತು ಸಲ ಓಡಾಡುವಷ್ಟರಲ್ಲಿ ಎಲ್ಲ ಹೇಳಿದಳು. ಅರ, ಪುಡಿ, ಬೆರಳು, ಹದಿನೇಳು.

"ಯಾರಿಗಾದ್ರೂ ಗೊತ್ತಾಗಿದ್ಯಾ?"

"ನನಗೇ ಇವತ್ತು ಗೊತ್ತಾಗಿದ್ದು."

"ಹಾಗಿದ್ರೆ ಬಾಯಿ ಮುಚ್ಕೊಂಡು ಇನ್ನು ಹದಿನಾರು ಎಣಿಸಿ ಬಿಸಾಕು. ನೀನೇನು ಕದ್ಯಾ, ಸುಳ್ಳು ಬರದ್ಯಾ?"

"ಬರದಿದೀನಿ ಅಮ್ಮಾ. ಬೇಕು ಅಂತ ಬರೀಲಿಲ್ಲ, ಅಷ್ಟೇ. ಆ ಹುಡ್ಗಿ ಅದರ ಮೇಲೆ ಮೂರು ವರ್ಷದ ಪುಸ್ತಕ ಬರೀತಿದಾಳೆ. ನಾಳೆ ಇನ್ನೊಬ್ರು ಮಾಡಿ ನೋಡಿದಾಗ ಅವರಿಗೆ ಬೇರೆ ಬಂದ್ರೆ? ಇವಳ ಮುಖಕ್ಕೆ ತಾನೇ ಮಸಿ?"

"ಸರಿ, ಹೋಗಿ ಹೇಳು. ಪುಡಿ ಕಾಣಿಸ್ತಮ್ಮಾ, ಕೈ ಜಾರ್ತಮ್ಮಾ, ತಿರುಗಿ ಎಣಿಸಮ್ಮಾ ಅಂತ. ಅದಕ್ಕೆ ಇಷ್ಟು ಕುಣಿತ ಯಾಕೆ?"

ಆಗ ಚಿಕ್ಕಮ್ಮ ಮೊದಲ ಸಲ ನಿಂತಳು.

"ಅದೇ ಹೇಳೋ ಹಾಗಿಲ್ಲ."

ಯಾಕೆ ಗೊತ್ತಾ? ಸ್ಲೈಡುಗಳು ಕೆಟ್ಟಿಲ್ಲ, ಒಣಗಿಸಿ ಇಟ್ಟಿವೆ, ಇನ್ನೊಬ್ಬರು ಹೊಸದಾಗಿ ಎಣಿಸಬಹುದು. ಆ ಕೇಂದ್ರದಲ್ಲಿ ಎಣಿಸಲು ಬರುವವರು ಇನ್ನೊಬ್ಬಳೇ, ಗಡುವಮ್ಮ. ಅವಳು ರಕ್ತ ತೆಗೆದಿಲ್ಲ, ಅವಳಿಗೆ ಪುಡಿ ಕಂಡರೂ ಅದು ಬರೀ ಪುಡಿ. ಆದರೆ ಪುಡಿಯ ಗುಟ್ಟು ಕಿವಿಗೆ ಬಿದ್ದರೆ ಆ ಕ್ಷಣಕ್ಕೆ ಅವಳ ಕಣ್ಣೂ ಕೆಟ್ಟ ಹಾಗೇ. ಆಮೇಲೆ ಒಂದೊಂದು ಸ್ಲೈಡಿನಲ್ಲೂ ಅವಳಿಗೆ ಮೊದಲು ಕಾಣುವುದೇ ಅದು. ಹಾಗಾಗಿ ಚಿಕ್ಕಮ್ಮ ತಪ್ಪಾಗಿದೆ ಎನ್ನಬೇಕು, ಹೇಗೆ ಎನ್ನಬಾರದು. ಹೇಗೆ ಎಂದು ಹೇಳದಿದ್ದರೆ ಜನ ಏನೆಂದುಕೊಳ್ಳುತ್ತಾರೆ ಎನ್ನುವುದನ್ನು ಬೀಗಣ್ಣನ ಮುಖವೇ ಹೇಳಿತ್ತು.

"ಕಳ್ಳಿ ಅಂತಾರೆ ನಿನ್ನ," ಎಂದಳು ಅಜ್ಜಿ.

"ಅಂತಾರೆ."

"ಎಷ್ಟು ದಿನ?"

"ಅವಳು ಎಣಿಸಿ ಮುಗಿಸೋವರೆಗೂ. ಹತ್ತು ದಿನ ಆಗ್ಬಹುದು."

"ನಿನಗೆ ಹತ್ತು ನಿಮಿಷ ಬಾಯಿ ಕಟ್ಟೋಕೆ ಬರಲ್ಲ!"

ಅದಂತೂ ನಿಜ. ಚಿಕ್ಕಮ್ಮ ನನ್ನ ಕಡೆ ಬೆರಳು ತೋರಿಸಿ, "ನೀನು ಯಾವ ಗ್ರೂಪಲ್ಲಾದ್ರೂ ಬಾಯಿ ಬಿಟ್ರೆ ನಾಲಿಗೆಗೇ ಸೂಜಿ ಹಾಕ್ತೀನಿ," ಎಂದಳು. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ, ಈಗ ಅರ್ಥವಾಯಿತಾ? ಆಮೇಲೆ ನನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಅರ, ಪುಡಿ, ಬೆರಳಿನ ಕಥೆಯನ್ನೆಲ್ಲ ಬರೆದು, ತಾರೀಖು ಹಾಕಿ, ಲಕೋಟೆಗೆ ತುಂಬಿ, ಅಂಟು ಹಚ್ಚಿ, ಅಂಟಿನ ಮೇಲೆ ಸಹಿ ಮಾಡಿ ಹೊರಟಳು. ಉಣ್ಣಲಿಲ್ಲ.

ಕೇಂದ್ರದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಾರೆ. ಬಿಳಿಗೂದಲು, ಕಡಿಮೆ ಮಾತು. ಅವರ ಮೇಜಿನ ಮೇಲೆ ಚಿಕ್ಕಮ್ಮ ಲಕೋಟೆ ಇಟ್ಟಳು.

"ನನ್ನ ಎಣಿಕೆ ಕೆಟ್ಟಿದೆ ಮೇಡಂ. ಯಾವ ಸ್ಲೈಡ್ ಯಾವ ತೊಟ್ಟಿದು ಅಂತ ನನಗೆ ಗೊತ್ತಾಗ್ತಿದೆ. ಹೇಗೆ ಅನ್ನೋದು ಇದರಲ್ಲಿದೆ. ಬೇರೆಯವರು ಪೂರ್ತಿ ಎಣಿಸಿದ್ಮೇಲೆ ತೆಗೀರಿ."

"ಈಗ್ಲೇ ಓದಿದ್ರೆ?"

"ನಿಮ್ಮ ಬಾಯಿಂದ ಹೊರಗೆ ಬರಲ್ಲ, ನಂಗೊತ್ತು. ಆದ್ರೂ ಆ ಹುಡುಗಿ ಎಣಿಸ್ತಾ ಇರೋವಾಗ ನೀವು ಹಿಂದೆ ನಿಂತು ನೋಡ್ತೀರಲ್ಲ. ಆಗ ನಿಮ್ಮ ಮುಖ ನೋಡಿ ಅವಳಿಗೆ ಗೊತ್ತಾಗುತ್ತೆ."

ಮೇಡಂ ಲಕೋಟೆಯನ್ನು ಎತ್ತಿಕೊಂಡರು. ಒಳಗಿನ ಬೀರುವಿಗೆ ಹಾಕಿದರು. ಗಡುವಮ್ಮನನ್ನೂ ಬೀಗಣ್ಣನನ್ನೂ ಕರೆಸಿದರು.

ಗಡುವಮ್ಮ ಕೈಯಲ್ಲಿ ಬಿಸ್ಕತ್ತು ಹಿಡಿದು ನಗುತ್ತಲೇ ಬಂದಳಂತೆ. ಮೇಡಂ ಎರಡು ವಾಕ್ಯದಲ್ಲಿ ವಿಷಯ ಹೇಳಿದರು. ಬಿಸ್ಕತ್ತು ಹಾಗೇ ಕೈಯಲ್ಲಿ ಉಳಿಯಿತು.

"ಅಕ್ಕಾ, ಏನಿದು? ಹನ್ನೆರಡು ದಿನ ಇದೆ! ಹನ್ನೆರಡು!"

"ನೀನೇ ಎಣಿಸು. ದಿನಕ್ಕೆ ಹತ್ತು ಹಾಕಿದ್ರೂ ಆಗುತ್ತೆ."

"ಅದಿರ್ಲಿ, ಹೇಗೆ ಗೊತ್ತಾಗ್ತಿದೆ ನಿಮಗೆ?"

"ಕೇಳ್ಬೇಡ."

"ಕೇಳ್ಬೇಡ ಅಂದ್ರೆ? ನನ್ನ ಪ್ರಯೋಗ ಇದು! ಸ್ಲೈಡಲ್ಲಿ ಏನಾದ್ರೂ ಇದ್ಯಾ? ಸ್ಟಿಕ್ಕರಲ್ಲಿದ್ಯಾ? ನಂಬರಲ್ಲಾ?"

ಚಿಕ್ಕಮ್ಮ ಮೇಜಿನ ಕಾಲನ್ನು ನೋಡುತ್ತ ನಿಂತಳು. ಹೌದು ಅಂದರೂ ಸುಳಿವು, ಇಲ್ಲ ಅಂದರೂ ಸುಳಿವು.

"ನಾನು ಹೇಳ್ತೀನಿ," ಎಂದು ಬೀಗಣ್ಣ ಮುಂದೆ ಬಂದರು. "ಬೆಳಗ್ಗೆ ಇಪ್ಪತ್ತಕ್ಕೆ ಹದಿನೇಳು ಸರಿ ಬರ್ಕೊಂಡು ಬಂದ್ರು ಮೇಡಂ. ನಂಗೊತ್ತಿರೋ ಮಟ್ಟಿಗೆ ಹಾಗೆ ಬರಿಯೋಕೆ ಇರೋ ದಾರಿ ಒಂದೇ, ನನ್ನ ಡ್ರಾಯರ್. ನಾನಂತೂ ತೆಗೆದು ತೋರಿಸಿಲ್ಲ. ಇಪ್ಪತ್ತು ವರ್ಷದ ಸರ್ವಿಸಲ್ಲಿ ಒಂದು ಪಿನ್ನು ಕಳೆದಿಲ್ಲ ನನ್ನ ಸ್ಟೋರಿಂದ."

ಗಡುವಮ್ಮ ಚಿಕ್ಕಮ್ಮನ ಕಡೆ ತಿರುಗಿದಳು. ಧ್ವನಿ ಸಣ್ಣಗಾಗಿತ್ತು. "ಪಟ್ಟಿ ನೋಡಿದ್ರಾ ಅಕ್ಕಾ? ನನಗೆ ಒಳ್ಳೇ ರಿಸಲ್ಟ್ ಬರ್ಲಿ ಅಂತ ನೋಡಿದ್ರಾ?"

ಇಲ್ಲಿ ನೋಡಿ, ಚಿಕ್ಕಮ್ಮ ನನಗೆ ಇದನ್ನು ಹೇಳುವಾಗಲೂ ಎದ್ದು ಹೋಗಿ ಕಿಟಕಿ ತೆರೆದಳು. ಒಂದು ವಾಕ್ಯ ಸಾಕಿತ್ತಂತೆ. ಅರದ ಪುಡಿ ಕಣೇ ಅಂದಿದ್ದರೆ ಆ ಹುಡುಗಿಯ ಮುಖ ತಿಳಿಯಾಗುತ್ತಿತ್ತು, ಬೀಗಣ್ಣನ ಸೆಟೆದ ಕತ್ತು ಸಡಿಲವಾಗುತ್ತಿತ್ತು. ಜೊತೆಗೆ ತೊಂಬತ್ತಾರು ಸ್ಲೈಡುಗಳನ್ನು ತೊಳೆಯುವ ಬೇಸಿನ್ನಿಗೆ ಸುರಿಯಬೇಕಾಗುತ್ತಿತ್ತು.

"ಪಟ್ಟಿ ನೋಡಿಲ್ಲ," ಎಂದಳು. "ಅದಕ್ಕಿಂತ ಜಾಸ್ತಿ ಹೇಳೋಕೆ ಆಗಲ್ಲ."

"ಆಗಲ್ವಾ, ಇಷ್ಟ ಇಲ್ವಾ?"

"ಎರಡೂ ಒಂದೇ ಅಂತ ತಿಳ್ಕೋ."

ಹುಡುಗಿ ಅತ್ತುಬಿಟ್ಟಳು. ಅಳುತ್ತ ಅಳುತ್ತಲೇ ದಿನ ಲೆಕ್ಕ ಹಾಕುತ್ತಿದ್ದಳಂತೆ, ಒಂಬತ್ತು ದಿನ ಎಣಿಕೆ, ಎರಡು ದಿನ ಬರವಣಿಗೆ. ದೊಡ್ಡ ಮೇಡಂ ಚಿಕ್ಕಮ್ಮನ ಮುಂದೆ ಕೈ ಚಾಚಿದರು. ಎಣಿಕೆಯ ಕೋಣೆಯ ಕೀಲಿ.

"ಸದ್ಯಕ್ಕೆ ನಾನು ಲಕೋಟೆನ ನಂಬ್ತೀನಿ," ಎಂದರು. "ನಿಮ್ಮನ್ನ ನಂಬೋದು ಅದನ್ನ ತೆಗೆದ ಮೇಲೆ. ಅಲ್ಲಿವರೆಗೂ ಎರಡನೇ ಮಹಡಿಗೆ ಬರ್ಬೇಡಿ."

ಚಿಕ್ಕಮ್ಮ ಕೀಲಿ ಕೊಟ್ಟಳು. ಸರಿ ಎಂದಳು. ಮೇಡಂ ಮಾತು ಸರಿಯಾದದ್ದೇ, ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ ಎಂದು ಈಗಲೂ ಅನ್ನುತ್ತಾಳೆ. ಅನ್ನುವಾಗ ಮಾತ್ರ ಲೋಟ ತೊಳೆಯುತ್ತಾಳೆ.

ಆ ಮಧ್ಯಾಹ್ನವೆಲ್ಲ ಅವಳು ನೆಲಮಹಡಿಯಲ್ಲಿ ತೊಟ್ಟಿಗಳ ನಡುವೆ ಸುತ್ತಿದಳು. ನಾಲ್ಕು ತೊಟ್ಟಿಯ ನೀರು ಬದಲಿಸಿದಳು, ಪಂಪು ನಿಲ್ಲಿಸಿ ಅದರ ಜಾಲರಿ ಬಿಚ್ಚಿ ಉಜ್ಜಿದಳು, ಒದ್ದೆ ನೆಲವನ್ನು ಮೂರು ಸಲ ಒರೆಸಿದಳು. ತಲೆಯ ಮೇಲಿನ ಕೋಣೆಯಲ್ಲಿ ಸ್ಟೂಲು ಕಿರ್ ಎಂದು ಎಳೆದ ಸದ್ದು. ಆಮೇಲೆ ಮೌನ. ಅಂದರೆ ಗಡುವಮ್ಮ ಕೂತಳು, ಎಣಿಸುತ್ತಿದ್ದಾಳೆ. ಸ್ಟೂಲು ಅವಳಿಗೆ ಎತ್ತರವಾಯಿತು, ಕತ್ತು ನೋಯುತ್ತದೆ, ಕೆಳಗಿನ ತಿರುಪು ತಿರುಗಿಸಬೇಕು ಎಂದು ಹೇಳಲು ಮೆಟ್ಟಿಲವರೆಗೆ ಹೋದಳು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ತೆಗೆದಳು. ನಾಲ್ಕನೇ ತೊಟ್ಟಿಯಲ್ಲಿ ಉಳಿದಿದ್ದ ಚಿಪ್ಪುಗಳು ಬಾಯಿ ಬಿಟ್ಟುಕೊಂಡು ಕೂತಿದ್ದವು. ಒಂದನ್ನು ಬೆರಳಿನಿಂದ ತಟ್ಟಿದಳು. ಅದು ಯೋಚಿಸಿ ಯೋಚಿಸಿ ಅರ್ಧ ಮುಚ್ಚಿತು. "ನಿನ್ನ ಮೇಲೆ ಕರುಣೆ ತೋರಿಸೋಕೆ ಹೋಗಿ ಏನಾಯ್ತು ನೋಡು," ಎಂದು ಅದಕ್ಕೇ ಬೈದಳಂತೆ.

ಐದೂವರೆಗೆ ಬೀಗಣ್ಣ ಸ್ಟೋರಿನ ಬಾಗಿಲು ಎಳೆದರು. ದಿನವೂ ಇಬ್ಬರೂ ಬಸ್‌ಸ್ಟಾಪಿನವರೆಗೆ ಮಾತಾಡುತ್ತ ನಡೆಯುತ್ತಾರೆ. ಬೀಗಣ್ಣನ ಮೊಣಕಾಲು ನೋವಿಗೆ ಚಿಕ್ಕಮ್ಮನೇ ಡಾಕ್ಟರು. ಅಂದು ಅವರು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದರು. ಇವಳು ಈಚೆ ಬದಿಯಲ್ಲಿ. ಸ್ಟಾಪಿನಲ್ಲಿ ಬೆಂಚಿನ ಎರಡು ತುದಿ. ಬಸ್ಸಿನಲ್ಲಿ ಅವರು ಮುಂದೆ, ಇವಳು ಹಿಂದೆ. ಸೀಟು ಖಾಲಿ ಇದ್ದರೂ ಕೂರಲಿಲ್ಲ.

ಮನೆಗೆ ಬಂದವಳ ಮುಂದೆ ಅಜ್ಜಿ ತಟ್ಟೆ ಇಟ್ಟಳು. ಈ ಸಲ ಎರಡೂ ಕಾಲು ಬಾಗಿಲ ಕಡೆಗಿದ್ದವು. ನಾಲ್ಕು ತುತ್ತು ತಿಂದಿರಬೇಕು, ಫೋನು ಟಿಂಗ್ ಅಂತು. ಏಳೂ ಇಪ್ಪತ್ತು. ಗಡುವಮ್ಮ. ನಾನು ಪಕ್ಕದಲ್ಲೇ ಇದ್ದೆ, ಕದ್ದು ಓದಿದೆ.

"ಹನ್ನೊಂದು ಸ್ಲೈಡ್ ಆಯ್ತು ಅಕ್ಕಾ. ಕತ್ತು ನೋಯ್ತಿದೆ. ನಿಮ್ಮ ಬಗ್ಗೆ ಬೀಗಣ್ಣ ಹೇಳ್ತಿರೋದನ್ನ ನಂಬೋಕೆ ನನಗಿಷ್ಟ ಇಲ್ಲ. ಆದ್ರೆ ನಂಬದೇ ಇರೋಕೆ ನೀವು ಏನಾದ್ರೂ ಕೊಡ್ಬೇಕಲ್ವಾ? ಒಂದು ಸಾಲು ಸಾಕು. ಯಾರಿಗೂ ಹೇಳಲ್ಲ, ಆಣೆ."

ಚಿಕ್ಕಮ್ಮ ಎಂಜಲು ಕೈಯಲ್ಲೇ ಎದ್ದಳು. ಎಡಗೈ ಹೆಬ್ಬೆರಳಿನಿಂದ ಟೈಪ್ ಮಾಡತೊಡಗಿದಳು. ಹಜಾರದಿಂದ ಬಾಲ್ಕನಿ. "ನೋಡು ಪುಟ್ಟಾ, ನೀನು ಬರೆದುಕೊಟ್ಟಿದ್ದರಲ್ಲಿ ಬೇಕಾದಲ್ಲಿ ಅಂತ ಇತ್ತಲ್ಲ". ಬಾಲ್ಕನಿಯಿಂದ ಅಡುಗೆಮನೆ. "ಗಟ್ಟಿ ಮುಚ್ಚಿರೋದಕ್ಕೆ ಮಾತ್ರ ನಾನು ಅರ". ನಾನು ಹಿಂದೆ ಹಿಂದೆ. ಪರದೆ ತುಂಬಿ ಇನ್ನೊಂದು ಪರದೆಗೆ ಹೋಯಿತು. ಎಷ್ಟು ಚೆನ್ನಾಗಿ ಬರೆದಿದ್ದಳು ಗೊತ್ತಾ, ಓದಿದ್ದರೆ ಆ ಹುಡುಗಿ ಅಲ್ಲೇ ಫೋನ್ ಮಾಡಿ ಅತ್ತು ಕ್ಷಮೆ ಕೇಳುತ್ತಿದ್ದಳು. ಹೆಬ್ಬೆರಳು ಕಳುಹಿಸುವ ಬಾಣದ ಗುರುತಿನ ಮೇಲೆ ಬಂದು ನಿಂತಿತು.

"ಚಿಕ್ಕಮ್ಮಾ," ಎಂದೆ, ಮೆಲ್ಲಗೆ.

"ಗೊತ್ತು ಸುಮ್ನಿರು."

ಒಂದೊಂದೇ ಅಕ್ಷರ ಅಳಿಸಿದಳು. ಒಟ್ಟಿಗೆ ಅಳಿಸುವುದು ಗೊತ್ತಿದ್ದರೂ ಒಂದೊಂದೇ. ಎಲ್ಲ ಖಾಲಿಯಾದ ಮೇಲೆ, "ಸ್ಟೂಲಿನ ಕೆಳಗೆ ತಿರುಪು ಇದೆ, ಎಡಕ್ಕೆ ತಿರುಗಿಸು, ತಗ್ಗುತ್ತೆ" ಎಂದು ಬರೆದು ಕಳಿಸಿದಳು. ಫೋನನ್ನು ತೆಗೆದುಕೊಂಡು ಹೋಗಿ ಅಜ್ಜಿಯ ಮಡಿಲಿಗೆ ಹಾಕಿದಳು.

"ಅಮ್ಮಾ, ಬೆಳಗ್ಗೆವರೆಗೂ ನಿನ್ನ ಹತ್ರ ಇರ್ಲಿ. ನಾನು ಕೇಳಿದ್ರೂ ಕೊಡ್ಬೇಡ. ಕಾಲಿಗೆ ಬಿದ್ರೂ ಕೊಡ್ಬೇಡ."

ಅಜ್ಜಿ ಫೋನನ್ನು ಸೋಫಾದ ದಿಂಬಿನಡಿ ತಳ್ಳಿ, ದಿಂಬಿನ ಮೇಲೆ ಕೂತು, ಉಣ್ಣೆ ಸುತ್ತುವುದನ್ನು ಮುಂದುವರಿಸಿದಳು. ಐದು ನಿಮಿಷ ಆಗಿರಬೇಕು, ಅಜ್ಜಿಯ ಅಡಿಯಿಂದ ಟಿಂಗ್. ಮತ್ತೆ ಟಿಂಗ್. ಆಮೇಲೆ ಉದ್ದಕ್ಕೆ ರಿಂಗಾಗತೊಡಗಿತು, ಸೋಫಾವೆಲ್ಲ ನಡುಗಿತು. ಅಜ್ಜಿ ಅಲ್ಲಾಡಲಿಲ್ಲ. ಚಿಕ್ಕಮ್ಮ ಎದ್ದಳು, ಸೋಫಾದ ಕಡೆ ಎರಡು ಹೆಜ್ಜೆ ಇಟ್ಟಳು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಿಂಗಾಗುತ್ತಲೇ ಇತ್ತು.

ಚಿಕ್ಕಮ್ಮ ಗಿರ್ರನೆ ತಿರುಗಿ ತನ್ನ ಕೋಣೆಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡಳು.